ಉಪ್ಪಿನಕಾಯಿ ಕೋಣೆಯ ವೈನು

ನನ್ನ ಹೆಂಡತಿ ಗೋದಾವರಿಯ ಮೂಗಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಪಟ್ಟ ಪಾಡು ನಿಮಗೆ ಅರ್ಥವಾಗುವುದಿಲ್ಲ. ಕೊಪ್ಪದಲ್ಲಿ ಮಿಡಿ ಉಪ್ಪಿನಕಾಯಿ ಮಾಡಿ ಮಾರುವವರು ಹತ್ತಾರು ಮಂದಿ ಇದ್ದಾರೆ. ಆದರೆ ಮಾವಿನ ಮಿಡಿಯ ತೊಟ್ಟು ಮುರಿದು, ಚಿಮ್ಮಿದ ಸೊನೆಯನ್ನು ಮೂಸಿ, ಇದು ಜೀರಿಗೆ ವಾಸನೆಯದ್ದು, ಇದು ಕರ್ಪೂರದ್ದು, ಇದು ಯಾವುದಕ್ಕೂ ಆಗದ್ದು ಎಂದು ಮೂಟೆಗಟ್ಟಲೆ ಮಿಡಿಯನ್ನು ಕೂತಲ್ಲೇ ವಿಂಗಡಿಸುವವಳು ಅವಳೊಬ್ಬಳೇ. ನಾನು ಹೊರಗೆ ಒಂದು ಬೀಡಿ ಸೇದಿ, ಏಲಕ್ಕಿ ಅಗಿದು, ಕೈ ತೊಳೆದು ಒಳಗೆ ಬಂದರೂ "ಎಷ್ಟು ಸೇದಿದ್ರಿ?" ಎಂದು ಕೇಳುವವಳು. ಅಂಥ ಮೂಗಿರುವ ಮನೆಯಲ್ಲಿ ನಾನು ಕದ್ದು ವೈನು ಮಾಡಲು ಹೊರಟೆ.

ಯಾಕೆ ಹೊರಟೆ ಎಂದು ಕೇಳಿದರೆ ಇವತ್ತಿಗೂ ನನ್ನ ಹತ್ತಿರ ನೆಟ್ಟಗೆ ಉತ್ತರವಿಲ್ಲ. ನಾನು ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವವನು, ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ. ಜನವರಿಯಲ್ಲಿ ಬಸರೀಕಟ್ಟೆಯ ಒಂದು ಎಸ್ಟೇಟಿಗೆ ಮೋಟಾರು ನೋಡಲು ಹೋದಾಗ ಅದರ ಮಾಲೀಕರು ಮನೆಯಲ್ಲೇ ಮಾಡಿದ್ದು ಎಂದು ಅರ್ಧ ಲೋಟ ವೈನು ಕೊಟ್ಟರು. ಐವತ್ತೆಂಟು ವರ್ಷ ಕಾಫಿ, ಕಷಾಯ ಬಿಟ್ಟು ಬೇರೇನೂ ಕುಡಿಯದ ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಆಮೇಲೆ ಅದರ ರುಚಿ ನಾಲಿಗೆ ಬಿಟ್ಟು ಹೋಗಲಿಲ್ಲ. ಮಾರನೇ ವಾರ ನನ್ನ ಫೋನಿನಲ್ಲಿ "ಮನೆಯಲ್ಲೇ ವೈನ್ ಮಾಡಿ" ಎಂಬ ಕಿಟ್ಟಿನ ಜಾಹೀರಾತು ಬಂತು. ನಾನು ಕುಡಿದದ್ದನ್ನು ಫೋನಿಗೆ ಯಾರು ಹೇಳಿದರೋ ಕಾಣೆ. ಎರಡು ಬೇರಿಂಗಿನ ದುಡ್ಡಿಗೆ ಸಿಗುತ್ತಿತ್ತು, ತರಿಸಿದೆ.

ಸಿಕ್ಕಿಬಿದ್ದರೆ ಏನಾಗುತ್ತದೆ ಎಂದು ಗೊತ್ತಿತ್ತು. ಗೋದಾವರಿಯ ಅಣ್ಣ ಕುಡಿದು ಕುಡಿದೇ ಸತ್ತವನು. ಮದುವೆಯಾದ ವರ್ಷವೇ ಅವಳು ನನಗೆ ಹೇಳಿದ್ದಳು: "ನೀವು ಬೀಡಿ ಸೇದಿ, ಎಂತ ಬೇಕಾದ್ರೂ ಮಾಡಿ. ಆ ವಾಸನೆ ಒಂದು ದಿನ ಈ ಮನೇಲಿ ಬಂದ್ರೆ ನಾನು ಇಲ್ಲಿ ಇರೋಳಲ್ಲ." ಅವಳು ಹಾಗೆಲ್ಲ ಸುಮ್ಮನೆ ಮಾತಾಡುವವಳಲ್ಲ.

ಪಾರ್ಸೆಲ್ಲು ಬಂದದ್ದು ಕಮಾಲುದ್ದೀನ್ ಸಾಹೇಬರ ದಿನಸಿ ಅಂಗಡಿಗೆ. ನಮ್ಮ ಬೀದಿಯವರ ಪಾರ್ಸೆಲ್ಲೆಲ್ಲ ಅಲ್ಲಿಗೇ ಬರುವುದು. ಗೋದಾವರಿಯ ಉಪ್ಪಿನಕಾಯಿ ಜಾಡಿಗಳು ಮಾರಾಟವಾಗುವುದೂ ಅಲ್ಲೇ. ಸಾಹೇಬರು ಡಬ್ಬವನ್ನು ಅಲ್ಲಾಡಿಸಿ ನೋಡಿದರು.

"ಎಂತ ಭಟ್ರೆ ಇದು, ಒಳಗೆ ನೀರು ಕುಲುಕ್ತದೆ?"

"ಮೋಟಾರಿನ ಆಯಿಲ್ಲು," ಎಂದೆ. ಅದು ಮೊದಲನೇ ಸುಳ್ಳು.

ಒಳಗಿದ್ದದ್ದು ಒಂದು ಪ್ಲಾಸ್ಟಿಕ್ ಕ್ಯಾನು, ಗಟ್ಟಿ ದ್ರಾಕ್ಷಿ ರಸದ ಪ್ಯಾಕೆಟ್ಟು, ಯೀಸ್ಟಿನ ಚಿಕ್ಕ ಪೊಟ್ಟಣ, ನೀರು ತುಂಬಿಸಿ ಮುಚ್ಚಳಕ್ಕೆ ಸಿಕ್ಕಿಸುವ ಒಂದು ಬಾಗಿದ ಕೊಳವೆ, ಇರುವೆ ಸಾಲಿನಂಥ ಅಕ್ಷರದ ಒಂದು ಚೀಟಿ. ಬೆಳಕು ಬೀಳದ, ತಂಪಾದ, ಯಾರೂ ಅಲ್ಲಾಡಿಸದ ಜಾಗದಲ್ಲಿ ಇಡಬೇಕು ಎಂದು ಚೀಟಿಯಲ್ಲಿತ್ತು. ನಮ್ಮ ಮನೆಯಲ್ಲಿ ಅಂಥ ಜಾಗ ಇರುವುದು ಒಂದೇ, ಗೋದಾವರಿಯ ಉಪ್ಪಿನಕಾಯಿ ಕೋಣೆ. ಅಲ್ಲಿ ಆಗಲೇ ಮೊದಲ ಕೊಯ್ಲಿನ ಮಿಡಿ ಉಪ್ಪಿನಲ್ಲಿ ಬಿದ್ದು ಆರು ಭರಣಿಗಳಲ್ಲಿ ಕೂತಿತ್ತು.

"ಇದು ದ್ರಾಕ್ಷಿ ರಸ, ಸಕ್ಕರೆ ಕಾಯಿಲೆಗೆ ಒಳ್ಳೇದಂತೆ. ಒಂದು ತಿಂಗಳು ಹೀಗೇ ಇಡ್ಬೇಕಂತೆ," ಎಂದು ಗೋದಾವರಿಗೆ ಹೇಳಿದೆ. ಅದು ಎರಡನೆಯದು.

ಅವಳು ಬಂದು, ಪೂರ್ತಿ ಬಗ್ಗಿ ಕ್ಯಾನನ್ನು ನೋಡಿದಳು. "ಆ ಮೂಲೇಲಿ ಇಡಿ, ನನ್ನ ಭರಣಿಗೆ ತಾಗೋದು ಬೇಡ," ಎಂದು ಹೇಳಿ ಹೋದಳು. ಇಷ್ಟೇನಾ ಎಂದು ನನಗೇ ಅನುಮಾನವಾಯಿತು.

ಮೂರನೇ ದಿನ ಕೊಳವೆಯಲ್ಲಿ ಬುಳಕ್ ಬುಳಕ್ ಶುರುವಾಯಿತು. ಐದನೇ ದಿನಕ್ಕೆ ವಾಸನೆಯೂ ಎದ್ದಿತು. ಅದೇನು ಕಮ್ಮಿ ವಾಸನೆಯಲ್ಲ. ಕೋಣೆ ದಾಟಿ, ಪಡಸಾಲೆ ದಾಟಿ, ಗೇಟಿನವರೆಗೆ ಬರುತ್ತಿತ್ತು. ನಾನು ಊದುಬತ್ತಿ ಹಚ್ಚಿದೆ, ಧೂಪ ಹಾಕಿದೆ, ಏನು ಮಾಡಿದರೂ ಧೂಪದ ಅಡಿಯಿಂದ ಆ ವಾಸನೆಯೇ ಮೇಲೆ ಬಂತು. ಗೋದಾವರಿ ದಿನಕ್ಕೆ ಹತ್ತು ಸಲ ಆ ಕೋಣೆಗೆ ಹೋಗುತ್ತಾಳೆ, ಬರುತ್ತಾಳೆ. ಒಂದು ಮಾತಿಲ್ಲ.

ಜಾಡಿ ಒಯ್ಯಲು ಬಂದ ಸಾಹೇಬರು ಜಗಲಿಯಲ್ಲೇ ನಿಂತು ಮೂಗು ಮುಚ್ಚಿಕೊಂಡರು.

"ಎಂತ ಮಾರಾಯ್ರೆ ಇದು, ಹಲಸಿನ ಹಣ್ಣು ಕೊಳೆಸಿಟ್ಟಿದ್ದೀರಾ?"

ಹೋಯಿತು ನನ್ನ ಸಂಸಾರ ಎಂದುಕೊಂಡೆ. ಗೋದಾವರಿ ನನ್ನ ಮುಖವನ್ನೂ ಅವರ ಮುಖವನ್ನೂ ನೋಡಿದಳು. "ಎಂತ ವಾಸನೆನೂ ಇಲ್ವಲ್ಲ ಸಾಹೇಬ್ರೆ," ಎಂದವಳು ಗಡಿಬಿಡಿಯಲ್ಲಿ ಒಳಗೆ ಹೋಗಿಬಿಟ್ಟಳು. ನನಗೆ ತಲೆಬುಡ ತಿಳಿಯಲಿಲ್ಲ. ಗಂಡನ ಮರ್ಯಾದೆ ಉಳಿಸಿದಳೇ? ಅಥವಾ ಎಲ್ಲ ಗೊತ್ತಿದ್ದು, ನಾನೇ ಒಪ್ಪಿಕೊಳ್ಳಲಿ ಎಂದು ಕಾಯುತ್ತಿದ್ದಾಳೆಯೇ? ಸಾಹೇಬರು ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: "ಅಕ್ಕಂಗೆ ಹುಷಾರಿಲ್ವಾ? ಈ ಸಲ ಎರಡು ಜಾಡಿ ವಾಪಸ್ ಬಂದಿದೆ. ಮಸಾಲೆ ಸೀದ ವಾಸನೆ ಬರ್ತದೆ ಅಂತಾರೆ. ಅಕ್ಕಂಗೆ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ."

ನನಗೂ ಹೇಳಲು ಬಾಯಿ ಬರಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನನಗೆ ಖಾತ್ರಿಯಾಗಿತ್ತು, ಅವಳಿಗೆ ಎಲ್ಲ ತಿಳಿದಿದೆ, ಬಾಯಿ ಬಿಡದೆ ನನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದು. ಹಾಲು ಸೀದು ಕರಕಲಾದರೂ ಅದರಲ್ಲೇ ಕಾಫಿ ಮಾಡಿ ನನ್ನ ಮುಂದೆ ಇಟ್ಟಳು. ಹಳಸಿದ ಸಾರನ್ನು ಮತ್ತೆ ಬಿಸಿ ಮಾಡಿ ಬಡಿಸಿದಳು. ನಾನು ಏನೂ ಆಗದವನಂತೆ ಉಂಡೆ. ತಪ್ಪು ಮಾಡಿದವನಿಗೆ ಸಾರು ಹಳಸಿದೆ ಎನ್ನಲು ಯಾವ ಮುಖ? ಪಕ್ಕದ ನಾರ್ವೆ ಊರಿನ ಬೂತಪ್ಪ, ಮರ ಹತ್ತಿ ಮಿಡಿ ಇಳಿಸಿ ತಂದುಕೊಡುವವನು, ಒಂದು ಮೂಟೆ ಹೊತ್ತು ಬಂದರೆ ಅವಳು ಒಂದು ಮಿಡಿಯ ತೊಟ್ಟನ್ನೂ ಮುರಿಯದೆ "ಚೆನ್ನಾಗಿಲ್ಲ, ತಗೊಂಡು ಹೋಗು" ಎಂದಳು. ಇಪ್ಪತ್ತು ವರ್ಷದಿಂದ ತರುತ್ತಿರುವ ಬೂತಪ್ಪ ನನ್ನ ಕಡೆ ನೋಡಿದ. ನನ್ನ ಮೇಲಿನ ಸಿಟ್ಟನ್ನು ಆ ಪಾಪದವನ ಮೇಲೆ ಯಾಕೆ ತೀರಿಸುತ್ತಾಳೆ ಎಂದು ನನಗೆ ಸಿಟ್ಟು ಬಂತು.

ಹದಿಮೂರನೇ ದಿನ ನಾನು ಶೃಂಗೇರಿಗೆ ಒಂದು ಮೋಟಾರು ನೋಡಲು ಹೋಗಿ ಸಂಜೆ ಬಂದೆ. ಬುಳಕ್ ಬುಳಕ್ ನಿಂತಿತ್ತು. ಬೆಳಿಗ್ಗೆ ಅಷ್ಟು ಗಲಾಟೆ ಮಾಡುತ್ತಿದ್ದದ್ದು ಸಂಜೆ ಸುಮ್ಮನಾಗಿತ್ತು. ಚೀಟಿಯನ್ನು ನಾಲ್ಕು ಸಲ ಓದಿದೆ. ಮಾರನೇ ದಿನ ಅಂಗಡಿಯಿಂದ ಕಂಪನಿಯ ನಂಬರಿಗೆ ಫೋನು ಮಾಡಿದೆ. ಒಬ್ಬಳು ಹುಡುಗಿ ಹಿಂದಿ ಬೆರೆಸಿದ ಕನ್ನಡದಲ್ಲಿ ಕೇಳಿದಳು: "ಸರ್, ಅದನ್ನು ಬಿಸಿ ಏನಾದರೂ ಮಾಡಿದ್ರಾ? ಬಿಸಿಗೆ ಯೀಸ್ಟ್ ಸಾಯುತ್ತೆ."

"ಬಿಸಿ ಮಾಡೋಕೆ ಅದು ಸಾರಾ? ನಿಮ್ದೇ ಡೂಪ್ಲಿಕೇಟ್ ಮಾಲು ಅನ್ನಿ!" ಎಂದು ಬೈದು ಫೋನಿಟ್ಟೆ. ಮೂವತ್ತು ವರ್ಷ ಮೋಟಾರು ರಿಪೇರಿ ಮಾಡಿದವನಿಗೆ ಕ್ಯಾನಿನ ವಿಷಯ ಹೇಳಿಕೊಡಲು ಬಂದಿದ್ದಳು.

ತಿಂಗಳು ತುಂಬಿದ ಭಾನುವಾರ ಗೋದಾವರಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಲೋಟ ಹಿಡಿದು ಕೋಣೆಗೆ ಹೋದೆ. ಬಣ್ಣವೇನೋ ಚೆನ್ನಾಗಿ ಬಂದಿತ್ತು. ಬಸರೀಕಟ್ಟೆಯನ್ನು ನೆನೆದು ಒಂದು ದೊಡ್ಡ ಗುಟುಕು ಕುಡಿದೆ. ಉಪ್ಪು! ಮಿಡಿಯ ಉಪ್ಪುನೀರಿನಷ್ಟೇ ಉಪ್ಪು. ಉಗಿದು, ಕೆಮ್ಮಿ, ಕಣ್ಣಲ್ಲಿ ನೀರು ಬಂತು. ತಿಂಗಳಿಡೀ ಒಳಗೆ ಕಟ್ಟಿಕೊಂಡಿದ್ದದ್ದೆಲ್ಲ ಒಟ್ಟಿಗೆ ಹೊರಗೆ ಬಂತು.

"ಗೋದಾವರೀ! ಬಾ ಇಲ್ಲಿ! ಬೈಯೋದಿದ್ರೆ ಎದುರು ನಿಂತು ಬೈ, ಮನೆ ಬಿಟ್ಟು ಹೋಗೋದಿದ್ರೆ ಹೋಗು, ಹೀಗೆ ಉಪ್ಪು ಸುರಿಯೋದು ಯಾವ ನ್ಯಾಯ?"

ಅವಳು ಸೋಪಿನ ಕೈಯಲ್ಲೇ ಓಡಿ ಬಂದಳು. "ಎಂತ ಆಯ್ತು ಮಾರಾಯ್ರೆ? ನೊರೆ ಬಂದಿತ್ತು, ಅದಕ್ಕೆ ಹಾಕಿದೆ. ನೀವು ಶೃಂಗೇರಿಗೆ ಹೋದ ದಿನ. ಕೆಟ್ಟು ಹೋಗ್ತದಲ್ಲ ಅಂತ ಕುದಿಸಿ, ಎರಡು ಹಿಡಿ ಉಪ್ಪು ಹಾಕಿ, ಆರಿಸಿ, ಆ ಕೊಳವೆ ಹೇಗಿತ್ತೋ ಹಾಗೇ ಸಿಕ್ಕಿಸಿಟ್ಟೆ."

ಮಿಡಿಯ ಭರಣಿಯಲ್ಲಿ ನೊರೆ ಕಂಡರೆ ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ಉಪ್ಪುನೀರು ಬಸಿದು, ಕುದಿಸಿ, ಇನ್ನಷ್ಟು ಉಪ್ಪು ಹಾಕಿ, ಆರಿಸಿ ಮತ್ತೆ ಹೊಯ್ಯುವುದು. ಆದರೆ ಅವಳ ಮುಖದಲ್ಲಿ ಒಂದಿಷ್ಟೂ ಕಳ್ಳತನ ಇರಲಿಲ್ಲ. ಅದು ನನ್ನನ್ನು ಇನ್ನೂ ಕೆರಳಿಸಿತು.

"ಕುದಿಸ್ತಾರಾ? ವೈನು ಅದು!"

"ವೈನಾ?"

ಅವಳು ನಿಜವಾಗಿ ಬೆಚ್ಚಿದಳು. ನಾನು ಪೆದ್ದನಂತೆ ಅವಳ ಮುಖವನ್ನೇ ನೋಡಿದೆ. "ಗೊತ್ತಿರ್ಲಿಲ್ವಾ ನಿಂಗೆ? ಗೇಟಿನವರೆಗೆ ನಾರ್ತಿತ್ತಲ್ಲೇ! ಸಾಹೇಬ್ರು ಮೂಗು ಮುಚ್ಚಿಕೊಂಡ್ರಲ್ಲ! ನಿಂಗೆ ಮಾತ್ರ ವಾಸನೆ ಬರ್ಲಿಲ್ವಾ?"

ಅವಳು ಭರಣಿಗಳ ಪಕ್ಕದ ಮಣೆಯ ಮೇಲೆ ಕೂತಳು. ಸೋಪಿನ ನೊರೆ ಮೊಣಕೈಯಿಂದ ಸೀರೆಯ ಮೇಲೆ ಇಳಿಯುತ್ತಿತ್ತು.

"ಬರ್ತಾ ಇಲ್ಲ," ಎಂದಳು. "ಸಂಕ್ರಾಂತಿ ಹೊತ್ತಿಗೆ ಜ್ವರ ಬಂದಿತ್ತಲ್ಲ, ಆವತ್ತಿಂದ ಒಂದೂ ಬರ್ತಾ ಇಲ್ಲ. ಹಾಲು ಸೀದದ್ದೂ ಗೊತ್ತಾಗಲ್ಲ, ಹೂವು ಮುಡಿದ್ರೂ ಗೊತ್ತಾಗಲ್ಲ. ಡಾಕ್ಟ್ರು ಬಂದ್ರೂ ಬರಬಹುದು ಅಂದ್ರು. ಕಾಯ್ತಾ ಇದ್ದೆ."

"ನಂಗೆ ಯಾಕೆ ಹೇಳ್ಲಿಲ್ಲ?"

"ನಿಮ್ಮ ಬಾಯೀಲಿ ನಿಲ್ತದಾ? ಸಾಹೇಬ್ರಿಗೆ ಹೇಳ್ತೀರಿ. ವಾಸನೆ ತಿಳೀದೋಳು ಮಾಡಿದ ಉಪ್ಪಿನಕಾಯಿ ಯಾರು ತಗೋತಾರೆ? ಆವತ್ತು ಒಂದು ಭರಣೀಲಿ ನೊರೆ ಕಂಡಿತು. ಉಳಿದದ್ದು ಕೆಟ್ಟಿದೆಯೋ ಇಲ್ವೋ, ಮೂಸಿದ್ರೆ ಒಂದೂ ಗೊತ್ತಾಗ್ಲಿಲ್ಲ. ಹೆದರಿ ಆರನ್ನೂ ಕುದಿಸಿದೆ. ನಿಮ್ದೂ ಕುದಿಸಿದೆ." ಆಮೇಲೆ ಅಳು ಬಂತು ಅವಳಿಗೆ. ಮೂವತ್ತೆರಡು ವರ್ಷದಲ್ಲಿ ಅಣ್ಣ ಸತ್ತಾಗ ಬಿಟ್ಟರೆ ಅವಳು ಹಾಗೆ ಅತ್ತದ್ದನ್ನು ನಾನು ನೋಡಿಲ್ಲ.

ನನ್ನ ಕೈಯಲ್ಲಿ ಇನ್ನೂ ಲೋಟವಿತ್ತು. ಅದನ್ನು ಎಲ್ಲಿ ಇಡುವುದು ಎಂದೇ ತೋಚಲಿಲ್ಲ. ತಿಂಗಳಿಡೀ ಹಳಸಿದ ಸಾರು ಉಂಡು, ಸೀದ ಕಾಫಿ ಕುಡಿದು, ನನ್ನ ಕಳ್ಳತನದ ಲೆಕ್ಕದಲ್ಲೇ ಮುಳುಗಿದ್ದೆ. ಒಂದು ಸಲವಾದರೂ ಬಾಯಿಬಿಟ್ಟು ಸಾರು ಹಳಸಿದೆ ಎಂದಿದ್ದರೆ ಅವತ್ತೇ ತಿಳಿಯುತ್ತಿತ್ತು. ಕ್ಯಾನನ್ನು ಹಿತ್ತಲಿಗೆ ಒಯ್ದು ಬಚ್ಚಲ ಮೋರಿಗೆ ಸುರಿದುಬಿಟ್ಟೆ.

ತಿರುಗಿ ಬರುವಾಗ ಜಗಲಿಯಲ್ಲಿ ಬೂತಪ್ಪ ಇನ್ನೊಂದು ಮೂಟೆ ಇಳಿಸುತ್ತಿದ್ದ. "ಇದು ಹೊಳೆ ದಂಡೆ ಮರದ್ದು ಭಟ್ರೆ. ಇದನ್ನೂ ಅಮ್ಮ ಬೇಡ ಅಂದ್ರೆ ಬೇರೆಯವರಿಗೆ ಕೊಡ್ತೀನಿ, ನಾಳೆ ಅಂದ್ರೆ ಮೆತ್ತಗಾಗ್ತದೆ."

ಗೋದಾವರಿ ಬಾಗಿಲಲ್ಲಿ ನಿಂತಿದ್ದಳು. ಮುಖ ಒರೆಸಿಕೊಂಡಿದ್ದಳು. ಮೂಟೆಯನ್ನು ನೋಡಿದಳು, ಆಮೇಲೆ ನನ್ನನ್ನು.

"ಬನ್ನಿ ಇಲ್ಲಿ," ಎಂದಳು.

ಇಬ್ಬರೂ ಜಗಲಿಯಲ್ಲಿ ಕೂತೆವು, ನಡುವೆ ಎರಡು ಬುಟ್ಟಿ, ಒಳ್ಳೆಯದಕ್ಕೊಂದು, ಆಗದ್ದಕ್ಕೊಂದು. ಅವಳು ಒಂದು ಮಿಡಿಯ ತೊಟ್ಟು ಮುರಿದು ನನ್ನ ಮೂಗಿಗೆ ಹಿಡಿದಳು. "ಎಂತ ಬರ್ತದೆ?"

"ಸೊನೆ ವಾಸನೆ."

"ಅದು ಎಲ್ಲದರಲ್ಲೂ ಬರ್ತದೆ. ಸೊನೆಯ ಹಿಂದೆ ಎಂತ ಇದೆ, ನೋಡಿ."

ನಾನು ಮತ್ತೆ ಮೂಸಿದೆ. ಏನೂ ತಿಳಿಯಲಿಲ್ಲ. ಇಷ್ಟು ವರ್ಷ ಅನ್ನಕ್ಕೆ ಕಲಸಿಕೊಂಡು ಉಂಡಿದ್ದೇನೆ, ಒಂದು ದಿನವೂ ಮೂಸಿ ನೋಡಿದವನಲ್ಲ. ಅವಳ ಕಣ್ಣು ಇನ್ನೂ ಕೆಂಪಗಿತ್ತು. ಜೀರಿಗೆ ಎಂದುಬಿಟ್ಟರೆ ಅವಳಿಗೆ ಸಮಾಧಾನವಾಗುತ್ತದೆ ಎನ್ನಿಸಿತು, ಬಾಯಿ ತೆರೆದೂ ಆಗಿತ್ತು.

"ಇದಕ್ಕಾದ್ರೂ ಸುಳ್ಳು ಹೇಳ್ಬೇಡಿ," ಎಂದಳು ಅವಳು.

ಬಾಯಿ ಮುಚ್ಚಿದೆ. ಕಣ್ಣೂ ಮುಚ್ಚಿ ಮತ್ತೊಮ್ಮೆ ಎಳೆದುಕೊಂಡೆ. "ಏನೂ ಇಲ್ಲ ಇದರಲ್ಲಿ," ಎಂದೆ. "ನನ್ನ ಮೂಗಿಗೆ ತಿಳೀತಿಲ್ವೋ, ಇದರಲ್ಲೇ ಇಲ್ವೋ, ಅದೂ ಗೊತ್ತಾಗ್ತಿಲ್ಲ."

ಅವಳು ಇನ್ನೊಂದನ್ನು ಮುರಿದಳು. ಅದರಲ್ಲೂ ಇರಲಿಲ್ಲ. ಮೂರನೆಯದನ್ನು ಹಿಡಿದಾಗ ಮೂಗಿನ ಒಳಗೆ ಏನೋ ಚುರುಕ್ಕೆಂದಿತು. ಬಾಣಲೆಯ ಎಣ್ಣೆಗೆ ಅವಳು ಜೀರಿಗೆ ಹಾಕಿದ ಕೂಡಲೇ ಬರುತ್ತಿದ್ದದ್ದು ಅದೇ.

"ಜೀರಿಗೆ. ಗೋದಾವರಿ, ಇದು ಜೀರಿಗೆ."

"ನಿಜವಾಗಿ?"

"ನಿಜವಾಗಿ."

ಅವಳು ಮಿಡಿಯನ್ನು ತನ್ನ ಮೂಗಿನ ಹತ್ತಿರ ಒಯ್ದು ಎರಡು ಸಲ ಉಸಿರು ಎಳೆದುಕೊಂಡಳು. ಒಂದು ಕ್ಷಣ ಕಾದಳು. ಆಮೇಲೆ ನನ್ನ ಮುಖವನ್ನು ಚೆನ್ನಾಗಿ ನೋಡಿ, ಅದನ್ನು ಒಳ್ಳೆಯ ಬುಟ್ಟಿಗೆ ಹಾಕಿದಳು.