ಹದಿಮೂರನೇ ಕುಳಿಯ ಐದು ಹೊಡೆತ

ಗುಡ್ಡದ ಮೈದಾನದಲ್ಲಿ ಗಾಲ್ಫ್ ಆಡುವವರು ಮೊದಲು ಕಲಿಯಬೇಕಾದದ್ದು ಹೊಡೆಯುವುದನ್ನಲ್ಲ, ನಿಲ್ಲುವುದನ್ನು ಎಂದು ಟೈಲರಕ್ಕ ಹೇಳಿದಾಗ ಕಲಿಯಲು ಬಂದಿದ್ದ ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ತಲೆಯಾಡಿಸಿದರು. ಮನೆಯಲ್ಲಿ ಯಾವುದಕ್ಕೂ ಹಾಗೆ ಒಟ್ಟಿಗೇ ತಲೆಯಾಡಿಸಿದವರಲ್ಲ ಎಂಬುದು ಅವರು ಒಬ್ಬರನ್ನೊಬ್ಬರು ನೋಡಿಕೊಂಡ ರೀತಿಯಲ್ಲೇ ತಿಳಿಯುತ್ತಿತ್ತು.

"ಚೆಂಡು ನಿಮ್ಮ ಪಾದಕ್ಕಿಂತ ಮೇಲಿದ್ರೆ ಕೋಲನ್ನ ಸ್ವಲ್ಪ ಕೆಳಗೆ ಹಿಡೀರಿ. ಚೆಂಡು ಎಡಕ್ಕೆ ಎಳ್ಕೊಂಡು ಹೋಗುತ್ತೆ, ಅದಕ್ಕೆ ಬಲಕ್ಕೆ ಗುರಿ ಇಡಿ. ಪಾದಕ್ಕಿಂತ ಕೆಳಗಿದ್ರೆ ಮಂಡಿ ಬಗ್ಗಿಸಿ ನಿಲ್ಲಿ. ಹೊಡೆದು ಮುಗಿಯೋವರೆಗೂ ಏಳಬೇಡಿ."

"ನನ್ನ ಮಂಡಿ ಬಗ್ಗಿದ್ರೆ ಮತ್ತೆ ಏಳೋದು ಮಧ್ಯಾಹ್ನಕ್ಕೇ," ಎಂದರು ಅತ್ತೆ.

"ಎಬ್ಬಿಸೋಕೆ ನಾನಿದ್ದೀನಲ್ಲ ಅತ್ತೆ."

"ನೀನು ಎಬ್ಬಿಸ್ತೀಯೋ, ಅಲ್ಲೇ ಬಿಟ್ಟು ಮನೆಗೆ ಹೋಗ್ತೀಯೋ, ಅದೇ ನೋಡ್ಬೇಕು."

ಎಲ್ಲರೂ ನಕ್ಕರು. ಹಿಂದೆ ನಿಂತಿದ್ದ ಆಸ್ಪತ್ರೆಯ ಸಿಸ್ಟರ್ ಎಲ್ಲರಿಗಿಂತ ಜೋರಾಗಿ ನಕ್ಕಳು. ಆ ನಗು ಕೇಳಿದಾಗ ಟೈಲರಕ್ಕ ಕೈಗವಸಿನ ಗುಂಡಿ ಸರಿಮಾಡುವ ನೆಪದಲ್ಲಿ ಬೇರೆ ಕಡೆ ತಿರುಗಿದಳು.

ಸಿಸ್ಟರ್ ಬರುತ್ತಾಳೆಂದು ಅವಳು ಅಂದುಕೊಂಡಿರಲಿಲ್ಲ. ಹೊಸಬರಿಗೆ ಗುಡ್ಡದ ಆಟದ ಪಟ್ಟುಗಳನ್ನು ಹೇಳಿಕೊಡಿ, ಗೆದ್ದವರು ಹೇಳಿದರೆ ಬೆಲೆ ಬೇರೆ ಎಂದು ಕ್ಲಬ್ಬಿನ ಕಾರ್ಯದರ್ಶಿ ಕೇಳಿದಾಗ, ಒಲ್ಲೆ ಎನ್ನಲು ಕಾರಣ ಸಿಗದೆ ಒಪ್ಪಿಕೊಂಡಿದ್ದಳು. ಇಬ್ಬರು ಮೂವರು ಹೊಸಬರು ಬರಬಹುದು, ಹಾಗೂ ಹೀಗೂ ಒಂದು ಬೆಳಗ್ಗೆ ಕಳೆದುಹೋಗುತ್ತದೆ ಎಂದುಕೊಂಡಿದ್ದಳು. ಆದರೆ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ, ಕಣ್ಣಲ್ಲಿ ನಿದ್ದೆ ತುಂಬಿಕೊಂಡು, ನೀಲಿ ಟೋಪಿ ಹಾಕಿಕೊಂಡು ಸಿಸ್ಟರ್ ಮೆಟ್ಟಿಲು ಹತ್ತಿ ಬಂದಳು. "ಅಕ್ಕ, ನನಗೂ ಕಲಿಸಿ. ಸೋತವಳು ನಾಚಿಕೆಪಟ್ಟರೆ ಕಲಿಯೋದು ಯಾವಾಗ?" ಎಂದಳು.

ನಾಚಿಕೆ. ಆ ಮಾತು ಮೂರು ವಾರದಿಂದ ಟೈಲರಕ್ಕನ ಬೆನ್ನು ಬಿಟ್ಟಿರಲಿಲ್ಲ.

ಮೂರು ವಾರದ ಹಿಂದೆ ಹೆಂಗಸರ ಪಂದ್ಯದ ಕೊನೆಯ ದಿನ ಅವರಿಬ್ಬರೂ ಜೊತೆಯಾಗಿ ಆಡಿದ್ದರು. ಹದಿನೆಂಟು ಕುಳಿ ಮುಗಿದಾಗ ಟೈಲರಕ್ಕ ಸಿಸ್ಟರ್‌ಗಿಂತ ಒಂದೇ ಒಂದು ಹೊಡೆತ ಕಡಿಮೆ ಹೊಡೆದು ಗೆದ್ದಿದ್ದಳು. ಗೆದ್ದವರು ಬೇರೆ ಊರಿನ ದೊಡ್ಡ ಪಂದ್ಯಕ್ಕೆ ಹೋಗಬೇಕು. ಬರುವ ಗುರುವಾರ ರೈಲು. ಐವತ್ತೊಂದನೇ ವಯಸ್ಸಿನವರೆಗೂ ಬೇರೆಯವರ ಮಕ್ಕಳ ಸಮವಸ್ತ್ರ ಹೊಲಿದವಳು, ಒಮ್ಮೆಯೂ ಒಬ್ಬಳೇ ರೈಲು ಹತ್ತಿದವಳಲ್ಲ. ಅಂಗಡಿಯ ಗೋಡೆಗೆ ಅಂಟಿಸಿದ್ದ ಟಿಕೆಟ್ಟನ್ನು ಹೊಲಿಗೆ ಯಂತ್ರದ ಮುಂದೆ ಕೂತಾಗಲೆಲ್ಲ ನೋಡುತ್ತಿದ್ದಳು. ನೋಡಿದಾಗಲೆಲ್ಲ ಸಂತೋಷಪಡುವ ಬದಲು ಕಣ್ಣು ತಪ್ಪಿಸಿ ಸೂಜಿಗೆ ದಾರ ಪೋಣಿಸತೊಡಗುತ್ತಿದ್ದಳು.

"ಏರಿನಲ್ಲಿ ಹೊಡೆಯುವಾಗ ಒಂದು ಉದ್ದದ ಕೋಲು ತಗೊಳ್ಳಿ," ಅವಳು ಮುಂದುವರಿಸಿದಳು. "ಚೆಂಡು ಮೇಲಕ್ಕೆ ಹಾರುತ್ತೆ, ಮುಂದಕ್ಕೆ ಹೋಗಲ್ಲ. ಇಳಿಜಾರಲ್ಲಾದ್ರೆ ಗಿಡ್ಡದು ಸಾಕು. ಮೈಯನ್ನು ಗುಡ್ಡದ ಜೊತೆ ಬಾಗಿಸಿ. ಗುಡ್ಡದ ಜೊತೆ ಹಠ ಮಾಡಿದ್ರೆ ಸೋಲೋದು ನಾವೇ."

"ಗಂಡನ ಜೊತೆ ಹಠ ಮಾಡಿದ ಹಾಗೆ," ಎಂದಳು ಸೊಸೆ.

"ಅಲ್ಲಮ್ಮ, ಅದು ಹೆಂಡತಿ ಜೊತೆ," ಎಂದ ಟೈಲರಕ್ಕನ ಗಂಡ, ಕೋಲುಗಳ ಚೀಲವನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಿಸುತ್ತ.

ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು ಅವನು. ಮನೆಯಲ್ಲಿ ಕೂತು ಕಾಲು ಹಿಡಿದುಕೊಂಡಿದೆ ಎಂದು ಹೆಂಡತಿಯ ಚೀಲ ಹೊರಲು ಬರತೊಡಗಿದ್ದ. ಆಟದ ನಿಯಮಗಳು ಅವನ ತಲೆಗೆ ಹೋಗಲಿಲ್ಲ, ಹೋಗಬೇಕೆಂದು ಅವನೂ ಹಟ ಹಿಡಿಯಲಿಲ್ಲ. ಹೆಂಡತಿ ಹೊಡೆದ ಚೆಂಡು ಎಲ್ಲಿ ಬಿತ್ತೆಂದು ಮಾತ್ರ ಹದ್ದಿನ ಹಾಗೆ ನೋಡಿಡುತ್ತಿದ್ದ.

ಆರನೇ ಕುಳಿಯ ಸುತ್ತಲಿನ ನುಣ್ಣನೆ ಹುಲ್ಲಿನ ಮೇಲೆ, ಗ್ರೀನಿನ ಮೇಲೆ, ಅವಳು ಎಲ್ಲರನ್ನೂ ಕುಕ್ಕರುಗಾಲಲ್ಲಿ ಕೂರಿಸಿದಳು. "ಕಣ್ಣಿಗೆ ಇದು ಮಟ್ಟಸ. ಆದ್ರೆ ಗುಡ್ಡದ ಮೇಲೆ ಕಣ್ಣು ಸುಳ್ಳು ಹೇಳುತ್ತೆ. ಚೆಂಡು ಯಾವಾಗ್ಲೂ ಗುಡ್ಡದಿಂದ ದೂರ, ಕಣಿವೆ ಕಡೆಗೇ ವಾಲುತ್ತೆ. ಕುಳಿಯ ಬಾವುಟಕ್ಕಿಂತ ಕೆಳಗೆ ಚೆಂಡು ನಿಲ್ಲೋ ಹಾಗೆ ಹೊಡೀರಿ, ಆಮೇಲೆ ಮೇಲಕ್ಕೆ ತಳ್ಳೋದು ಸುಲಭ." ಸಿಸ್ಟರ್ ಒಂದು ಚಿಕ್ಕ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಕೈಬರಹ ಗುಂಡಗೆ, ನೇರವಾಗಿತ್ತು. ಟೈಲರಕ್ಕನಿಗೆ ಆ ಅಕ್ಷರ ಚೆನ್ನಾಗಿ ಗೊತ್ತಿತ್ತು.

ಹದಿಮೂರನೇ ಕುಳಿಗೆ ಬರುವಷ್ಟರಲ್ಲಿ ಬಿಸಿಲು ಚುರುಕಾಗಿತ್ತು. ಬಲಕ್ಕೆ ವಾಲಿದ ಇಳಿಜಾರು, ಕೆಳಗೆ ಪೊದೆಗಳು, ನಡುವೆ ಉದ್ದ ಹುಲ್ಲಿನ ಒಂದು ಪಟ್ಟಿ. ಇಲ್ಲಿ ಬೇಗ ಎರಡು ಮಾತು ಹೇಳಿ ಮುಂದೆ ಹೋಗಿಬಿಡಬೇಕು ಎಂದುಕೊಂಡಳು ಟೈಲರಕ್ಕ. ಸಿಸ್ಟರ್ ಬಿಡಲಿಲ್ಲ.

"ಅಕ್ಕ, ನಾನು ಬಂದದ್ದೇ ಇದಕ್ಕೆ. ಅವತ್ತು ನಾನಿಲ್ಲಿ ಏಳು ಹೊಡೆದೆ, ನೀವು ಐದು. ನಿಮ್ಮ ಚೆಂಡೂ ಈ ಹುಲ್ಲಲ್ಲೇ ಸಿಕ್ಕಿಹಾಕ್ಕೊಂಡಿತ್ತಲ್ಲ? ಅಲ್ಲಿಂದ ಹೇಗೆ ತೆಗೆದ್ರಿ, ಒಂದ್ಸಲ ತೋರಿಸಿ. ನಾನಂತೂ ಕೆಳಗೆ ಪೊದೆಯಲ್ಲಿ ನನ್ನ ಚೆಂಡು ಹುಡುಕ್ತಿದ್ದೆ, ನೋಡಲೇ ಇಲ್ಲ."

ನೋಡಲೇ ಇಲ್ಲ. ಹೌದು, ಸಿಸ್ಟರ್ ಬೆನ್ನು ತಿರುಗಿಸಿದ್ದಳು. ಟೈಲರಕ್ಕನಿಗೆ ಅದು ಗೊತ್ತಿತ್ತು, ಏಕೆಂದರೆ ಅವಳು ತಿರುಗಿ ನೋಡಿದ್ದಳು. ಚೆಂಡು ಅಲುಗಿದ ಕ್ಷಣದಲ್ಲಿ ಅವಳು ಮೊದಲು ನೋಡಿದ್ದು ಚೆಂಡನ್ನಲ್ಲ, ಆ ನೀಲಿ ಟೋಪಿಯನ್ನು. ಉಳಿದದ್ದಕ್ಕೆಲ್ಲ ಮನಸ್ಸಿಗೆ ಏನಾದರೊಂದು ಸಮಾಧಾನ ಹೇಳಬಹುದಿತ್ತು. ಹಾಗೆ ನೋಡಿದ್ದಕ್ಕೆ ಹೇಳಲಾಗುತ್ತಿರಲಿಲ್ಲ.

ಅವಳು ಒಂದು ಚೆಂಡನ್ನು ಹುಲ್ಲಿನ ಮೇಲೆ ಇಟ್ಟಳು. "ಇಲ್ಲಿ ಕೋಲನ್ನ ಚೆಂಡಿನ ಹಿಂದೆ ನೆಲಕ್ಕೆ ಊರಬಾರದು," ಎಂದಳು. ಅಭ್ಯಾಸಬಲದಿಂದ ಬಾಯಿಗೆ ಬಂದದ್ದು. "ಗಾಳಿಯಲ್ಲೇ ಹಿಡ್ಕೊಂಡಿರಬೇಕು. ಊರಿದ್ರೆ ಹುಲ್ಲು ಬಾಗಿ ಚೆಂಡು ಉರುಳುತ್ತೆ."

"ನಿಜ, ನಿಜ!" ಗಂಡ ಉತ್ಸಾಹದಿಂದ ಮುಂದೆ ಬಂದ. "ಅವತ್ತು ಹಾಗೇ ಆಯ್ತಲ್ಲ! ಇವಳು ಕೋಲು ಊರಿದಳು, ಚೆಂಡು ಒಂದು ಗೇಣು ಉರುಳಿ ಬಂದು ಇಗೋ, ಈ ಸಮ ಜಾಗದಲ್ಲಿ ಬಸ್ಸು ನಿಲ್ದಾಣಕ್ಕೆ ಬಂದ ಹಾಗೆ ನಿಂತ್ಕೊಂಡ್ತು. ಗುಡ್ಡಕ್ಕೂ ಇವಳ ಮೇಲೆ ಪ್ರೀತಿ ಅಂದ್ಕೊಂಡೆ ನಾನು."

ಸಿಸ್ಟರ್ ಬರೆಯುವುದನ್ನು ನಿಲ್ಲಿಸಿದಳು. "ಅವತ್ತು ಅಂದ್ರೆ ಯಾವತ್ತು ಭಾವ?"

"ನಿಮಗೆ ಯಾವ ದಿನ ಯಾವುದು ಅಂತ ನೆನಪಿರುತ್ತಾ?" ಟೈಲರಕ್ಕನ ಧ್ವನಿ ಅವಳಿಗೇ ಪರಕೀಯವೆನಿಸುವಷ್ಟು ಚೂಪಾಗಿತ್ತು. "ಅದು ಅಭ್ಯಾಸ ಮಾಡ್ತಿದ್ದ ದಿನ. ಚೀಲ ಹೊರೋದು ಬಿಟ್ಟು ಈ ಆಟದಲ್ಲಿ ನಿಮಗೇನು ಗೊತ್ತು? ಸುಮ್ನೆ ಬಾಯಿ ಹಾಕ್ತೀರ."

ಗಂಡ ಅವಳ ಮುಖ ನೋಡಿದ. ಮೂವತ್ತೊಂದು ವರ್ಷ ಯಾವ ನಿಲ್ದಾಣದಲ್ಲಿ ಯಾರು ಹತ್ತುತ್ತಾರೆ, ಯಾವ ಮುದುಕಿ ಯಾವ ವಾರ ಬರಲಿಲ್ಲ ಎಂಬುದನ್ನೂ ನೆನಪಿಟ್ಟವನು. "ಇರಬಹುದು," ಎಂದ. "ವಯಸ್ಸಾಯ್ತು ನೋಡಿ, ಎಲ್ಲ ಕಲಸಿಹೋಗುತ್ತೆ." ಎರಡು ಹೆಜ್ಜೆ ಹಿಂದೆ ಸರಿದು ಚೀಲದ ಪಟ್ಟಿಯನ್ನು ಬಿಗಿ ಮಾಡತೊಡಗಿದ. ಅದು ಬಿಗಿಯಾಗಿಯೇ ಇತ್ತು.

"ಉರುಳಿದ್ರೆ ಏನಾಗುತ್ತೆ?" ಸೊಸೆ ಕೇಳಿದಳು.

ಉತ್ತರ ಕೊಟ್ಟವಳು ಸಿಸ್ಟರ್. "ಒಂದು ಹೊಡೆತ ದಂಡ. ಚೆಂಡನ್ನ ಮೊದಲಿದ್ದ ಜಾಗದಲ್ಲೇ ಇಟ್ಟು ಆಡ್ಬೇಕು."

"ಯಾರೂ ನೋಡದೇ ಇದ್ರೆ?"

"ನಾವೇ ಹೇಳ್ಬೇಕು. ಇಲ್ಲಿ ಅಂಪೈರ್ ಬೆನ್ನ ಹಿಂದೆ ಬರಲ್ಲ." ಆಮೇಲೆ ಟೈಲರಕ್ಕನ ಗಂಡನ ಕಡೆ ತಿರುಗಿ ಮೃದುವಾಗಿ, "ಬಿಡಿ ಭಾವ, ನನಗೂ ಪಾಳಿ ಜಾಸ್ತಿ ಆದ್ರೆ ಯಾವ ವಾರ ಅಂತಾನೇ ಗೊತ್ತಾಗಲ್ಲ," ಎಂದಳು.

ನಂಬಿಬಿಟ್ಟಳು. ಅಷ್ಟೇ ಸಲೀಸಾಗಿ ಅವತ್ತೂ ನಂಬಿದ್ದಳು. ಅವರು ನಾಲ್ವರೂ ಗ್ರೀನಿನ ಕಡೆ ಹತ್ತತೊಡಗಿದರು. ಗಂಡ ಎಂದಿನಂತೆ ಅವಳ ಪಕ್ಕದಲ್ಲಲ್ಲ, ಎಲ್ಲರಿಗಿಂತ ಹಿಂದೆ, ತಲೆ ತಗ್ಗಿಸಿ ಹೋಗುತ್ತಿದ್ದ. ಟೈಲರಕ್ಕ ಇದ್ದಲ್ಲೇ ನಿಂತಳು. ಒಂದು ಸುಳ್ಳಿಗೆ ತೇಪೆ ಹಾಕಲು ಅವಳು ಅವನ ಮಾನವನ್ನೇ ಕತ್ತರಿಸಿದ್ದಳು, ಅದೂ ನಾಲ್ಕು ಜನರೆದುರು, ಕೈ ನಡುಗದೆ.

"ನಿಲ್ಲಿ," ಎಂದಳು.

ಎಲ್ಲರೂ ತಿರುಗಿದರು.

"ಅವರು ಹೇಳಿದ್ದು ನಿಜ. ಪಂದ್ಯದ ದಿನವೇ. ನಾನು ಕೋಲು ಊರಿದೆ, ಚೆಂಡು ಉರುಳ್ತು. ನನ್ನದು ಐದಲ್ಲ, ಆರು."

ಕೆಳಗೆ ಎಲ್ಲೋ ಹುಲ್ಲು ಕತ್ತರಿಸುವ ಯಂತ್ರದ ಸದ್ದು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ಹೋಗ್ಲಿ ಬಿಡಿ, ಒಂದು ಗೇಣು ತಾನೇ," ಎಂದರು.

"ಗೇಣಿನ ಮಾತಲ್ಲಮ್ಮ," ಎಂದಳು ಸಿಸ್ಟರ್. ಅವಳು ಇಳಿದು ಬಂದು ಟೈಲರಕ್ಕನೆದುರು ನಿಂತಳು. ಈ ಆಟದಲ್ಲಿ ಒಬ್ಬರ ಲೆಕ್ಕವನ್ನು ಜೊತೆಗಾರರು ಬರೆಯುತ್ತಾರೆ. "ಅಲ್ಲಿ ಗ್ರೀನ್ ಪಕ್ಕ ನಿಂತು ಎಷ್ಟಕ್ಕ ಅಂತ ಕೇಳಿದೆ. ಐದು ಅಂದ್ರಿ. ನಾನು ಎಣಿಸೋಕೂ ಹೋಗಲಿಲ್ಲ. ನನ್ನ ಕೈಯಲ್ಲೇ ಬರೆದು, ನನ್ನ ಕೈಯಲ್ಲೇ ಸಹಿ ಹಾಕಿದೆ."

"ಹೌದು."

"ಆರು ಆಗಿದ್ರೆ ಸಮ ಆಗ್ತಿತ್ತು. ಇನ್ನೊಂದು ಕುಳಿ ಆಡ್ತಿದ್ವಿ. ಗೆಲ್ತಿದ್ನೋ ಸೋಲ್ತಿದ್ನೋ, ಆಡ್ತಿದ್ದೆ." ಅವಳ ಧ್ವನಿ ಏರಲಿಲ್ಲ. "ಆ ರಾತ್ರಿ ನಮ್ಮಮ್ಮನಿಗೆ ಹೇಳ್ದೆ, ನನಗೆ ಕೊನೇ ಗಳಿಗೆಯಲ್ಲಿ ಧೈರ್ಯ ಸಾಲದು ಅಂತ. ಹುಟ್ಟುಗುಣ ಅಂದ್ರು ಅಮ್ಮ. ನಾನೂ ಒಪ್ಪಿಕೊಂಡೆ. ಗುರುವಾರಕ್ಕೆ ಇಟ್ಟಿದ್ದ ರಜೆ ವಾಪಸ್ ಕೊಟ್ಟೆ."

ಟೈಲರಕ್ಕ ತಪ್ಪಾಯಿತು ಎಂದಳು. ಆ ಮಾತು ಬಾಯಿಂದ ಹೊರಬಿದ್ದಾಗ ಎಷ್ಟು ಚಿಕ್ಕದೆಂದು ಗೊತ್ತಾಯಿತು. ಸಿಸ್ಟರ್ ಪರವಾಗಿಲ್ಲ ಎನ್ನಲಿಲ್ಲ. ಪುಸ್ತಕ ಮುಚ್ಚಿ ಜೇಬಿಗೆ ಹಾಕಿಕೊಂಡು, "ಆಫೀಸು ಹನ್ನೊಂದಕ್ಕೆ ಮುಚ್ಚುತ್ತೆ," ಎಂದಳು ಅಷ್ಟೇ.

ಕಾರ್ಯದರ್ಶಿಯ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಅವರು ಕಪಾಟಿನಿಂದ ದಾರ ಕಟ್ಟಿದ ಲೆಕ್ಕದ ಕಾರ್ಡುಗಳ ಕಟ್ಟು ತೆಗೆದು, ಹದಿಮೂರನೇ ಕುಳಿಯ ಮನೆಯಲ್ಲಿದ್ದ ಗುಂಡನೆಯ ಐದನ್ನು ನೋಡಿ, ಕನ್ನಡಕ ತೆಗೆದಿಟ್ಟರು. "ಗೊತ್ತಿದ್ದೂ ಕಡಿಮೆ ಬರೆಸಿದ್ರೆ ಆಟದಿಂದಲೇ ಹೊರಗೆ. ಇದು ನಿಮಗೂ ಗೊತ್ತು. ಈಗ ಯಾಕೆ ಹೇಳ್ತಿದ್ದೀರಿ? ಯಾರಾದ್ರೂ ದೂರು ಕೊಟ್ರಾ?"

"ಇಲ್ಲ. ನಮ್ಮ ಮನೆಯವರು ನೋಡಿದ್ದನ್ನ ಹೇಳಿದ್ರು. ನಾನು ಅವರದ್ದೇ ಸುಳ್ಳು ಅಂದೆ. ಅವರಿಗೆ ಎಲ್ಲ ಸರಿಯಾಗಿ ನೆನಪಿದೆ. ಅದನ್ನೂ ಬರ್ಕೊಳ್ಳಿ."

"ಅದನ್ನ ಬರೆಯೋಕೆ ಇಲ್ಲಿ ಜಾಗ ಇಲ್ಲಮ್ಮ," ಎಂದರು ಕಾರ್ಯದರ್ಶಿ. ಆಮೇಲೆ ಸಿಸ್ಟರ್ ಕಡೆ ನೋಡಿ, "ಗುರುವಾರ ಹೋಗೋಕಾಗುತ್ತಾ?" ಎಂದರು.

"ರಜೆ ಸಿಗುತ್ತೋ ಇಲ್ವೋ ಕೇಳ್ಬೇಕು," ಎಂದಳು ಸಿಸ್ಟರ್. ಅವಳು ಹೊರಗೆ ಹೋಗುವಾಗ ಟೈಲರಕ್ಕನನ್ನು ನೋಡಲಿಲ್ಲ.

ಗುಡ್ಡದ ರಸ್ತೆ ಇಳಿಯುತ್ತ ಗಂಡ ಚೀಲದ ಪಟ್ಟಿ ಹಿಡಿದು ರಸ್ತೆಯ ಅಂಚಿನಲ್ಲೇ ನಡೆದ. ಅವಳು ಚೀಲಕ್ಕೆ ಕೈ ಚಾಚಿದಾಗ ಕೊಡಲಿಲ್ಲ. ಕೊನೆಗೆ, "ದಂಡ ಅಂತ ನನಗೆ ಗೊತ್ತಿರಲಿಲ್ಲ ಕಣೇ. ಗೊತ್ತಿದ್ರೆ ಅವತ್ತೇ ಕೇಳ್ತಿದ್ದೆ," ಎಂದ. ಇನ್ನೊಂದು ತಿರುವು ದಾಟಿದ ಮೇಲೆ, "ನಿಮ್ಮಣ್ಣನಿಗೆ ಎರಡು ಸಲ ಹೇಳಿದ್ದೀನಿ ನೀನು ಗೆದ್ದದ್ದು. ಹಾಲಿನವನಿಗೆ ಹೇಳಿದ್ದೀನಿ. ಡಿಪೋದಲ್ಲಿ ಎಲ್ಲರಿಗೂ ಹೇಳಿದ್ದೀನಿ," ಎಂದ.

"ಅವರಿಗೆಲ್ಲ ನಾನೇ ಹೇಳ್ತೀನಿ."

ಹಾಲಿನ ಅಂಗಡಿ ದಾರಿಯಲ್ಲೇ ಸಿಕ್ಕಿತು. ನಾಲ್ಕು ಜನ ಸಾಲಿನಲ್ಲಿದ್ದರು. "ಏನಕ್ಕ, ಗುರುವಾರ ಹೊರಟ್ರಲ್ಲ!" ಎಂದು ಹಾಲಿನವನು ದೊಡ್ಡ ದನಿಯಲ್ಲಿ ಕೇಳಿದ. ಸಾಲಿನವರೆಲ್ಲ ನಗುಮುಖದಿಂದ ತಿರುಗಿದರು.

"ಹೋಗ್ತಿಲ್ಲ. ನಾನು ಗೆದ್ದದ್ದು ಮೋಸ ಮಾಡಿ," ಎಂದಳು ಟೈಲರಕ್ಕ.

"ಮೋಸವಾ? ಏನು ಮಾಡಿದ್ರಿ?"

"ಚೆಂಡು ಉರುಳ್ತು, ಹೇಳಲಿಲ್ಲ."

"ಚೆಂಡು ಅಂದ್ಮೇಲೆ ಉರುಳದೇ ಇರುತ್ತಾ?" ಅವನು ನಕ್ಕ. ಸಾಲಿನವರೂ ನಕ್ಕರು. ಅವರಲ್ಲಿ ಒಬ್ಬರಿಗೂ ಆ ಆಟ ಗೊತ್ತಿರಲಿಲ್ಲ.

ಹಾಗಾಗಿ ಅವಳು ಮೊದಲಿನಿಂದ ಹೇಳಬೇಕಾಯಿತು. ಇಳಿಜಾರು ಎಂದರೇನು, ಅಲ್ಲಿ ಕೋಲನ್ನು ಏಕೆ ಊರಬಾರದು, ಲೆಕ್ಕವನ್ನು ಯಾರು ಬರೆಯುತ್ತಾರೆ, ತಾನು ಮೊದಲು ಯಾರ ಕಡೆ ನೋಡಿದೆ. ಗಂಡ ಚೀಲವನ್ನು ನೆಲಕ್ಕಿಳಿಸಿ ಪಕ್ಕದಲ್ಲಿ ನಿಂತು ಕಾಯುತ್ತಿದ್ದ. ಹೇಳುತ್ತ ಹೇಳುತ್ತ ಒಬ್ಬೊಬ್ಬರ ಮುಖದ ಮೇಲಿನ ನಗು ಇಳಿಯುವುದನ್ನು ಅವಳು ನೋಡಿದಳು. ಹಾಲಿನವನು ಕೊನೆಗೆ ಕಣ್ಣು ತಗ್ಗಿಸಿ, "ಅರ್ಧ ಲೀಟರಾ, ಒಂದಾ ಅಕ್ಕ?" ಎಂದು ಮೆಲ್ಲಗೆ ಕೇಳಿದ.