ಹಣೆಯ ಹಿಂದಿನ ಗಡ್ಡೆ

ಮಾರುಕಟ್ಟೆಯ ಮಾಂಸದ ಸಾಲಿನಲ್ಲಿ ಕೊನೆಯ ಅಂಗಡಿ ಅವಳದು. ಅಪ್ಪ ಬಿಟ್ಟುಹೋದ ಅಂಗಡಿ, ಅಪ್ಪನೇ ಬಿಟ್ಟುಹೋದ ಮಚ್ಚು. ಕುರಿಯ ತಲೆಯನ್ನು ಮರದ ದಿಮ್ಮಿಯ ಮೇಲಿಟ್ಟು ಒಂದೇ ಏಟಿಗೆ ಸರಿಯಾಗಿ ಎರಡು ಹೋಳು ಮಾಡುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಮಚ್ಚಕ್ಕ. ಅವಳ ಗಂಡ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ. ಹದಿನಾರು ವರ್ಷದಲ್ಲಿ ಒಂದು ಮಗುವಿನ ಕಿವಿಯನ್ನೂ ಹಿಂಡಿದವನಲ್ಲ. ಮಕ್ಕಳು ಅವನಿಗಿಟ್ಟ ಹೆಸರು ಬೆಣ್ಣೆ ಮೇಷ್ಟ್ರು. 'ಮಚ್ಚಿಗೂ ಬೆಣ್ಣೆಗೂ ಗಂಟು ಹಾಕಿದ ಪುಣ್ಯಾತ್ಮ ಯಾರಪ್ಪಾ!' ಎಂದು ಪಕ್ಕದ ಅಂಗಡಿಯ ಮೀನಿನವನು ದಿನಕ್ಕೊಮ್ಮೆಯಾದರೂ ನಗುತ್ತಿದ್ದ.

ಗಂಡನಿಗೆ ಮಾಂಸದ ವಾಸನೆಯೆಂದರೆ ಆಗುತ್ತಿರಲಿಲ್ಲ. ಅವಳು ಮನೆಗೆ ಬಂದು ಸ್ನಾನ ಮಾಡುವ ತನಕ ಅವನು ಕಿಟಕಿಯ ಪಕ್ಕದಿಂದ ಏಳದೆ ಗೊಣಗುತ್ತಿದ್ದ. ಒಂದು ವರ್ಷದಿಂದ ಮಾತ್ರ ಆ ಗೊಣಗಾಟ ನಿಂತುಹೋಗಿತ್ತು. ಕೊನೆಗೂ ಒಗ್ಗಿಹೋದ ಎಂದುಕೊಂಡು ಅವಳು ಒಳಗೊಳಗೇ ಖುಷಿಪಟ್ಟಿದ್ದಳು.

ಆಮೇಲೆ ಒಂದು ಬೆಳಿಗ್ಗೆ ಊಟದ ತಟ್ಟೆ ಹಾರಿ ಬಂದು ಅವಳ ಹುಬ್ಬು ಸೀಳಿತು. ಸಾರಿಗೆ ಉಪ್ಪು ಕಡಿಮೆಯಂತೆ. ರಕ್ತ ಕಣ್ಣಿಗಿಳಿಯುತ್ತಿದ್ದರೂ ಅವಳಿಗೆ ನೋವಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು. ಅವನು ಕೋಪದಿಂದ ಕಿರುಚಲಿಲ್ಲ, ಮುಖ ಕೆಂಪಾಗಲಿಲ್ಲ. ಎಸೆದು, ಕೈ ಒರೆಸಿಕೊಂಡು, ಪತ್ರಿಕೆ ತೆರೆದ. ಮುಂದಿನ ತಿಂಗಳು ತರಗತಿಯಲ್ಲಿ ನಕ್ಕ ಹುಡುಗನೊಬ್ಬನ ಮುಖವನ್ನು ಮೇಜಿಗೆ ಅಪ್ಪಳಿಸಿ ಎರಡು ಹಲ್ಲು ಉದುರಿಸಿದ. ಶಾಲೆಯವರು ಅವನನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದರು. ಬೀದಿಯಲ್ಲಿ ನಾಯಿಯೊಂದನ್ನು ಒದ್ದು ಒದ್ದು ಕೊಂದ. ಅವಳ ಮೈಮೇಲೆ ಕಂದು ಕಲೆ ಇಲ್ಲದ ವಾರವೇ ಇರಲಿಲ್ಲ. 'ನೀನು ಮಚ್ಚು ಹಿಡಿಯೋಳು, ನೀನೇ ತಿಂತೀಯಲ್ಲೇ ಏಟು!' ಎಂದು ಮೀನಿನವನ ಹೆಂಡತಿ ಬೈದಳು. ಅವಳು ದಿಮ್ಮಿಗೆ ನೀರು ಚಿಮುಕಿಸಿ ಮುಂದಿನ ತಲೆ ಎತ್ತಿಕೊಂಡಳು. ಹದಿನಾರು ವರ್ಷದ ಬೆಣ್ಣೆ ಎಲ್ಲಿಗೆ ಹೋದೀತು, ಇವತ್ತಲ್ಲ ನಾಳೆ ತಿರುಗಿ ಬಂದೀತು ಎಂಬ ಆಸೆ.

ಅದು ಸೋಮವಾರ, ಮಧ್ಯಾಹ್ನ. ಅಂಗಡಿ ಬೇಗ ಮುಚ್ಚಿ, ಸಾಣೆ ಹಿಡಿಸಿದ ಮಚ್ಚನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ಬಂದಳು. ಮೆಟ್ಟಿಲ ಮೇಲಿರುವಾಗಲೇ ಮಗಳ ಕೂಗು ಕೇಳಿಸಿತು. ಉಳಿದ ಮೆಟ್ಟಿಲುಗಳನ್ನು ಓಡಿ ಹತ್ತಿದಳು.

ಒಳಗೆ ಅವನು ಹನ್ನೊಂದು ವರ್ಷದ ಮಗಳನ್ನು ನೆಲಕ್ಕೆ ಬಗ್ಗಿಸಿ, ಬೆನ್ನಿನ ಮೇಲೆ ಮೊಣಕಾಲೂರಿ, ಅವಳ ಬಲಗೈಯನ್ನು ಹಿಂದಕ್ಕೆ ತಿರುವುತ್ತಿದ್ದ.

"ಏಳೆಂಟ್ಲ ಎಷ್ಟು?" ಪಾಠ ಹೇಳುವ ಅದೇ ತಣ್ಣನೆಯ ದನಿ.

"ಐವತ್ತಾರು! ಅಪ್ಪಾ, ಐವತ್ತಾರು!"

"ಸರಿ," ಎಂದು ಅವನು ಇನ್ನಷ್ಟು ತಿರುವಿದ. "ಎಂಟೊಂಬತ್ಲ?"

"ಎಪ್ಪತ್ತೆರಡು!"

"ಸರಿ."

ಮೂಳೆ ಮುರಿಯುವ ಸದ್ದು ಮಚ್ಚಕ್ಕನಿಗೆ ಹೊಸದಲ್ಲ. ದಿನಕ್ಕೆ ನೂರು ಸಲ ಕೇಳುವ ಸದ್ದೇ. ಆದರೆ ಆವತ್ತು ಆ ಸದ್ದಿಗೆ ಅವಳ ಕಣ್ಣಿಗೆ ಕತ್ತಲೆ ಕವಿಯಿತು. ಮಚ್ಚಿನ ಬಟ್ಟೆ ಯಾವಾಗ ಜಾರಿತೋ ತಿಳಿಯದು. ಅವನ ತಲೆ ಅವಳ ಮುಂದೆಯೇ ಇತ್ತು, ದಿಮ್ಮಿಯ ಮೇಲಿಟ್ಟ ಹಾಗೆ. ಎತ್ತಿದಳು. ಸೀಳಿಬಿಡಬೇಕೆಂದೇ ಎತ್ತಿದಳು. ಅಲಗು ಇಳಿಯುವ ಮೊದಲು ಮಣಿಕಟ್ಟು ಹೇಗೋ ಹೊರಳಿತು. ಬಿದ್ದದ್ದು ಮಚ್ಚಿನ ಹಿಂಬದಿ. ಅವನು ಮಗಳ ಪಕ್ಕಕ್ಕೆ ಉರುಳಿದ. ಕಿವಿಯ ಮೇಲಿಂದ ರಕ್ತ ಹರಿದು ಲೆಕ್ಕದ ಪುಸ್ತಕವನ್ನು ತೋಯಿಸಿತು.

ಆಸ್ಪತ್ರೆಯಲ್ಲಿ ಮಗಳ ಕೈಗೆ ಪಟ್ಟಿ ಹಾಕಿದರು, ಗಂಡನ ತಲೆಗೆ ಹೊಲಿಗೆ ಹಾಕಿದರು. ಪೇದೆಯೊಬ್ಬ ಬಂದು ಅವಳ ಹೇಳಿಕೆ ಬರೆದುಕೊಂಡು ಮಚ್ಚನ್ನು ಒಯ್ದ. ತಲೆಯ ಚಿತ್ರ ತೆಗೆದ ಮೇಲೆ ಡಾಕ್ಟರಮ್ಮ ಅವಳನ್ನು ಒಳಗೆ ಕರೆದಳು. ಬೆಳಕಿನ ಹಲಗೆಗೆ ಸಿಕ್ಕಿಸಿದ ಚಿತ್ರದಲ್ಲಿ ಹಣೆಯ ಹಿಂದೆ ನಿಂಬೆಹಣ್ಣಿನಷ್ಟು ದೊಡ್ಡ ಬಿಳಿ ಉಂಡೆ.

"ಇದು ನಾನು ಹೊಡೆದಿದ್ದಕ್ಕಾ?"

"ಅಲ್ಲಮ್ಮ. ಇದು ಎಷ್ಟೋ ವರ್ಷದಿಂದ ಬೆಳೀತಾ ಇರೋ ಗಡ್ಡೆ. ಅವರಿಗೆ ವಾಸನೆ ಗೊತ್ತಾಗ್ತಿತ್ತಾ?"

ಗೊಣಗಾಟ ನಿಂತಾಗ ತಾನು ಖುಷಿಪಟ್ಟಿದ್ದು ಅವಳಿಗೆ ನೆನಪಾಯಿತು; ಅವನು ಒಗ್ಗಿರಲಿಲ್ಲ, ಅವನ ಮೂಗೇ ಸತ್ತಿತ್ತು.

"ಲೆಕ್ಕ ಎಲ್ಲಾ ಸರಿಯಾಗೇ ಹೇಳ್ತಿದ್ರು, ಡಾಕ್ಟ್ರೇ. ಹುಚ್ಚು ಹಿಡಿದೋರು ಹಾಗೆ ಹೇಳ್ತಾರಾ?"

"ಲೆಕ್ಕ ಮಾಡೋ ಜಾಗಗಳಿಗೆ ಏನೂ ಆಗಿಲ್ಲ. ಬುದ್ಧಿ ಇದೆ, ಎಚ್ಚರ ಇದೆ. ಒಳಗಡೆ ಒಂದು ಭಾಗ ಹೊಡಿ ಅನ್ನುತ್ತೆ, ಅದು ನಮಗೆಲ್ಲಾ ಇರುತ್ತೆ. ಹಣೆ ಹಿಂದಿನ ಈ ಭಾಗ ತಡಿ ಅನ್ನುತ್ತೆ. ಗಡ್ಡೆ ಕೂತಿರೋದು ಅದರ ಮೇಲೆ."

"ನಾನು ದಿನಾ ಕುರಿ ತಲೆ ಸೀಳ್ತೀನಿ. ಹಣೆ ಹಿಂದೆ ಅಂಥದ್ದೇನೂ ಇರಲ್ಲ, ಬೆರಳಷ್ಟು ಮಿದುಳು ಅಷ್ಟೇ."

"ಹೌದು. ಮನುಷ್ಯರಿಗೆ ಅದೇ ದೊಡ್ಡದು."

"ಹಾಗಾದ್ರೆ ನನ್ನ ಗಂಡ ಅನ್ನೋನು ಇದರಲ್ಲಿ ಎಲ್ಲಿದಾನೆ?"

ಡಾಕ್ಟರಮ್ಮ ಇಡೀ ಚಿತ್ರದ ಮೇಲೆ ಬೆರಳಾಡಿಸಿದಳು. "ಒಂದು ಜಾಗದಲ್ಲಿ ಇಲ್ಲಮ್ಮ. ಈ ಎಲ್ಲಾ ಭಾಗಗಳು ಒಂದಕ್ಕೊಂದು ಮಾತಾಡ್ತಾ ಇರೋವಾಗ ಆಗೋದು ಅವನು. ಅದು ಹೇಗೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ."

ಎರಡು ದಿನ ಬಿಟ್ಟು ಹಣೆಯ ಮೂಳೆ ಕೊಯ್ದು ಗಡ್ಡೆ ತೆಗೆದರು. ಆರು ಗಂಟೆ ಅವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಗರಗಸ ಎಷ್ಟು ಒತ್ತಿದರೆ ಮೂಳೆ ಬಿಡುತ್ತದೆ, ಯಾವಾಗ ಕೈ ಹಗುರ ಮಾಡಬೇಕು ಎಂಬುದೆಲ್ಲ ಅವಳ ಬೆರಳಿಗೇ ಗೊತ್ತಿದ್ದುದರಿಂದ ಅವಳಿಗೆ ಯಾವ ಸಮಾಧಾನವೂ ಇರಲಿಲ್ಲ.

ವಾರ ಕಳೆದ ಮೇಲೆ ಅವನು ಸ್ಪಷ್ಟವಾಗಿ ಮಾತಾಡಿದ. ಮೊದಲು ಕೇಳಿದ್ದೇ ಮಗಳ ಕೈ ಹೇಗಿದೆ ಎಂದು. ಕೇಳುತ್ತಲೇ ಬಿಕ್ಕಿ ಬಿಕ್ಕಿ ಅತ್ತ.

"ಅದು ನೀವಲ್ಲ, ಗಡ್ಡೆ," ಎಂದಳು ಅವಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತು. "ನಿಮಗೆ ಪ್ರಜ್ಞೆನೇ ಇರಲಿಲ್ಲ."

"ಇತ್ತು ಕಣೇ." ಅವನು ಮುಖ ಮುಚ್ಚಿಕೊಂಡ. "ಎಲ್ಲಾ ನೆನಪಿದೆ. ನನ್ನ ಮಗಳು ಅಂತ ಗೊತ್ತಿತ್ತು. ಉತ್ತರ ಸರಿ ಅಂತ ಗೊತ್ತಿತ್ತು. ಮೂಳೆ ಮುರಿಯುತ್ತೆ ಅಂತಾನೂ ಗೊತ್ತಿತ್ತು. ನಿಲ್ಲಿಸಬೇಕು ಅಂತ ಮಾತ್ರ ಅನ್ನಿಸಲಿಲ್ಲ. ಅಷ್ಟೇ."

ಅವಳ ಮೈಯೆಲ್ಲ ಹೊತ್ತಿ ಉರಿಯಿತು. ಗೊತ್ತಿರಲಿಲ್ಲ ಎಂಬ ಒಂದು ಸುಳ್ಳು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಹಾಸಿಗೆಯ ಮೇಲೆ ಎಗರಿ ಅವನ ಎದೆಗೆ, ಹೆಗಲಿಗೆ ಗುದ್ದಿದಳು, ಕೆನ್ನೆಗೆ ಬಾರಿಸಿದಳು. ಅವನು ಕೈ ಅಡ್ಡ ತರಲಿಲ್ಲ. ನರ್ಸ್ ಬಂದು ಅವಳನ್ನು ಎಳೆದು ಹೊರಗೆ ಕೂರಿಸಿದಳು.

ಅಲ್ಲಿ ಕೂತಾಗ ಅವಳು ತನ್ನ ಬಲಗೈಯ ಮಣಿಕಟ್ಟನ್ನು ನೋಡಿಕೊಂಡಳು. ಅದು ಹೊರಳಿದ್ದು ಅವಳ ಒಳ್ಳೆಯತನದಿಂದಲ್ಲ. ಒಳ್ಳೆಯತನಕ್ಕೆ ಆಗ ಪುರುಸೊತ್ತೆಲ್ಲಿತ್ತು? ಯಾವುದೋ ಒಂದು 'ತಡಿ' ಹಣೆಯ ಹಿಂದಿಂದ ತೋಳಿಗೆ ಇಳಿದು ಬಂದಿತ್ತು. ಅಲ್ಲೊಂದು ನಿಂಬೆಹಣ್ಣು ಬೆಳೆದಿದ್ದರೆ ಅದು ಬರುತ್ತಿರಲಿಲ್ಲ. ಅವಳು ಈಗ ಜೈಲಿನಲ್ಲಿರುತ್ತಿದ್ದಳು, ಅವನು ಮಣ್ಣಿನಲ್ಲಿ. ಈ ಲೆಕ್ಕ ಅವಳ ಸಿಟ್ಟನ್ನು ಇಳಿಸಲಿಲ್ಲ, ಆದರೆ ಆ ಸಿಟ್ಟಿಗೆ ಹೋಗಲು ಜಾಗವೇ ಇಲ್ಲದಂತೆ ಮಾಡಿತು.

"ಅಪ್ಪ ಮನೆಗೆ ಬರೋದು ಬೇಡ," ಎಂದಳು ಮಗಳು, ಆ ರಾತ್ರಿ ಮನೆಯಲ್ಲಿ.

"ಗಡ್ಡೆ ತೆಗೆದ್ರಲ್ಲ ಮಗಾ."

"ಇನ್ನೊಂದು ಬಂದ್ರೆ?"

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವನು ಊರಿನ ಆಚೆ ತುದಿಯಲ್ಲಿದ್ದ ತನ್ನ ಅಕ್ಕನ ಮನೆ ಸೇರಿದ. ಪ್ರತಿ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಬಂದು ಹೊಸ್ತಿಲಾಚೆ ನಿಲ್ಲುತ್ತಿದ್ದ. ಮಗಳು ಒಳಗಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು. ಹತ್ತು ನಿಮಿಷ ನಿಂತು ಹೊರಟುಹೋಗುತ್ತಿದ್ದ.

ತನ್ನ ಕೈಯ ಪಟ್ಟಿ ಬಿಚ್ಚಿದ ಮರುವಾರ ಮಗಳೇ ಬಾಗಿಲು ತೆರೆದಳು. ಕೈಯಲ್ಲಿ ಮರದ ಅಳತೆಕೋಲು.

"ಕೂತ್ಕೋ. ಕೈ ಮುಂದಿಡು."

ಅವನು ನೆಲದ ಮೇಲೆ ಕೂತು ಎರಡೂ ಕೈ ಚಾಚಿದ. ಮಗಳು ಹೊಡೆದಳು. ಹೊಡೆತಕ್ಕೆ ಬೆರಳ ಗೆಣ್ಣು ಒಡೆದು ರಕ್ತ ಚಿಮ್ಮಿತು. ಮತ್ತೆ ಹೊಡೆದಳು. ಅಡುಗೆಮನೆಯ ಬಾಗಿಲಲ್ಲಿ ಮಚ್ಚಕ್ಕ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದಳು. ತಡೆಯಬೇಕೋ ಬೇಡವೋ ತಿಳಿಯಲಿಲ್ಲ. ಐದನೆಯ ಏಟಿಗೆ ಅಳತೆಕೋಲು ಮುರಿಯಿತು. ಆರನೆಯದಕ್ಕೆ ಎತ್ತಿದ ತುಂಡು ಗಾಳಿಯಲ್ಲೇ ನಿಂತಿತು.

"ನೋವಾಯ್ತಾ?"

"ಆಯ್ತು."

"ನಂಗೆ ಇದಕ್ಕಿಂತ ಜಾಸ್ತಿ ಆಗಿತ್ತು."

"ಗೊತ್ತು ಮಗಳೇ."

ಮಗಳು ತುಂಡನ್ನು ನೆಲಕ್ಕೆಸೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ದೊಡ್ಡದಾಗಿ ಅಳುವುದು ಇಬ್ಬರಿಗೂ ಕೇಳಿಸಿತು. ಅವನು ಏಳಲು ಹೋದ.

"ಬೇಡ. ಇವತ್ತು ಹೋಗಿ," ಎಂದಳು ಮಚ್ಚಕ್ಕ. ಅವನ ಕೈಗೆ ಒದ್ದೆ ಬಟ್ಟೆ ಸುತ್ತಿಕೊಟ್ಟಳು. "ಮುಂದಿನ ವಾರ ಬನ್ನಿ. ಅವಳು ಕೇಳಿದ್ದಕ್ಕೆಲ್ಲಾ ನಿಜಾನೇ ಹೇಳಿ. ಸಮಾಧಾನ ಮಾಡೋಕೆ ಹೋಗಬೇಡಿ."

ಅವನು ತಲೆಯಾಡಿಸಿ ಮೆಟ್ಟಿಲಿಳಿದ. ಕಿಟಕಿಯಲ್ಲಿ ನಿಂತು, ಅವನು ಬಸ್ಸು ಹತ್ತುವ ತನಕ ಅವಳು ನೋಡಿದಳು.