ಮಲ್‌ಸುನಕ್ಕನ ಮಾತು

ನಮ್ಮ ದ್ವೀಪದಲ್ಲಿ ನೆಲೆಸಿದವರಿಗೆಲ್ಲ ಸರ್ಕಾರ ತಿಂಗಳು ತಿಂಗಳು ಬದುಕಿಗೆ ಆಧಾರವಾಗಿ ಮೂಲ ಆದಾಯ ಕೊಡುತ್ತದೆ, ಅದೂ ಈ ಜಿಲ್ಲೆಯ ಅಂಗಡಿಗಳಲ್ಲಷ್ಟೇ ನಡೆಯುವ ಸ್ಥಳೀಯ ಹಣದಲ್ಲಿ. ಅದರಿಂದಲೇ ಊರಿಗಿದ್ದ ಒಂದೇ ಅಂಗಡಿ, ಮಲ್‌ಸುನಕ್ಕನದು, ಮುಚ್ಚದೆ ಉಳಿದಿತ್ತು. ಅಲ್ಲಿಗೆ ಸಾಮಾನು ತರುತ್ತಿದ್ದುದು ಊರ ಮುಖ್ಯಸ್ಥ ಗ್ವಾಂಗ್‌ಸಿಕ್‌ನ ದೋಣಿ.

ಒಂದು ದಿನ ಈ ಹಣದ ತಪಾಸಣೆಗೆ ಬಂದ ಅಧಿಕಾರಿ ಸಭಾಮನೆಯಲ್ಲಿ ಎಲ್ಲರೆದುರು ಅವಳನ್ನೇ ಕೇಳಿದ: "ಮುಖ್ಯಸ್ಥರ ಮಗ ತೇಸು ಇಲ್ಲೇ ಇರ್ತಾನೇನಮ್ಮ?"

ತೇಸು ಇದ್ದುದು ಕಡಲಾಚೆಯ ಮೊಕ್ಪೋ ನಗರದಲ್ಲಿ. ಇಲ್ಲಿ ಬರುತ್ತಿದ್ದ ಅವನ ಪಾಲನ್ನು ಅಪ್ಪನೇ ಖರ್ಚು ಮಾಡುತ್ತಿದ್ದ. ಅದು ಎಲ್ಲರಿಗೂ ಗೊತ್ತಿತ್ತು.

"ನೋಡ್ಕೊಂಡು ಮಾತಾಡು ಮಲ್‌ಸುನ್," ಎಂದ ಗ್ವಾಂಗ್‌ಸಿಕ್. "ನಿನ್ನ ಸಾಮಾನು ತರೋನು ನಾನು."

ಅವಳು ಅಧಿಕಾರಿಯತ್ತ ತಿರುಗಿದಳು. "ಇಲ್ಲೇ ಇದ್ದಿದ್ರೆ ಒಂದ್ ನೂಡಲ್ಸ್ ಪೊಟ್ಟಣಕ್ಕಾದ್ರೂ ನನ್ ಅಂಗಡಿಗೆ ಬರ್ತಿದ್ದ ಸಾರ್. ಅವನ ಮುಖ ನೋಡಿ ವರ್ಷಗಳೇ ಆದ್ವು."

ತೇಸುವಿನ ಪಾಲು ನಿಂತಿತು. ಮರುದಿನ ಗ್ವಾಂಗ್‌ಸಿಕ್‌ನ ದೋಣಿಯೂ ಹೊರಡಲಿಲ್ಲ. ಅಂಗಡಿಯಲ್ಲಿ ಅಕ್ಕಿ ಮುಗಿದಿತ್ತು. ಮಲ್‌ಸುನಕ್ಕ ಬಾಗಿಲು ಹಾಕಿಕೊಂಡು ಒಳಗೇ ಕೂತಳು. ಮಧ್ಯಾಹ್ನ ಹೊರಗೆ ಗದ್ದಲ ಕೇಳಿ ಇಣುಕಿದರೆ, ಕಡಲಪಾಚಿ ಬೆಳೆಯುವ ಹೆಂಗಸರು ತಮ್ಮದೇ ದೋಣಿಯಲ್ಲಿ ಪೇಟೆಗೆ ಹೋಗಿ ತಂದ ಅಕ್ಕಿ ಮೂಟೆಗಳನ್ನು ಹೊತ್ತು ನಿಂತಿದ್ದರು.

"ಬೇಗ ಬಾಗಿಲು ತೆಗಿಯಕ್ಕ, ಸೊಂಟ ಬಿದ್ದೋಯ್ತು!" ಎಂದು ಒಬ್ಬಳು ಕೂಗಿದಳು.

ಮಲ್‌ಸುನಕ್ಕ ಕಣ್ಣೊರೆಸಿಕೊಳ್ಳುತ್ತ ಚಿಲಕ ತೆಗೆದಳು.